ನಮ್ಮೋರು

ಏಪ್ರಿಲ್ 6

ಪುಟ್ಟೀ,

ನೀನು, ಮಗು, ನಿಮ್ಮೋರು ಎಲ್ಲರೂ ಚೆನ್ನಾಗಿದ್ದೀರ ತಾನೆ? ನಾನು ಚೆನ್ನಾಗಿದ್ದೇನೆ, ಬಲ ಮಂಡಿಯೊಂದನ್ನು ಬಿಟ್ಟರೆ. ಉತ್ತರ ತಡವಾಯಿತು, ಬೈಕೋಬೇಡ. ಅದರಲ್ಲಿ ಅರ್ಧ ತಪ್ಪು ನಿನ್ನದೇ. "ಅಪ್ಪಾ, ಹತ್ತೊಂಬತ್ತು ನಿಮಿಷದ ವಾಯ್ಸ್ ನೋಟ್ ಕೇಳೋಕೆ ನಂಗೆಲ್ಲಿದೆ ಟೈಮು? ಮಗು ಮಲಗಿದಾಗ ಓದ್ಕೊಳೋ ಥರ ಬರೆದು ಕಳ್ಸಿ" ಅಂದೆಯಲ್ಲ. ಪೆನ್ನು ಹಿಡಿದು ಕೂತರೆ ನನಗೆ ಒಂದು ಸಾಲೂ ಹೊರಡುವುದಿಲ್ಲ ಕಣೇ. ಅದಕ್ಕೊಂದು ಉಪಾಯ ಮಾಡಿದ್ದೇನೆ. ಲಿಫ್ಟಿನ ಮಷೀನ್ ರೂಮಿನಲ್ಲಿ ಒಬ್ಬನೇ ಕೂತಾಗಲೋ, ನಾಯಿ ಕರೆದುಕೊಂಡು ಓಡಾಡುವಾಗಲೋ ಎಂದಿನಂತೆ ಫೋನಿಗೆ ಮಾತಾಡಿಬಿಡುವುದು. ಮನೆಗೆ ಬಂದು ಅದನ್ನು ಕೇಳಿಕೊಂಡು ಕಾಗದಕ್ಕೆ ಇಳಿಸುವುದು. ಕಾಗದದ ಫೋಟೋ ತೆಗೆದು ನಿನಗೆ ಕಳಿಸುವುದು. ನನ್ನ ಮಾತನ್ನು ನಾನೇ ಕೂತು ಕೇಳುವ ಶಿಕ್ಷೆ ಕೊನೆಗೂ ನನಗೆ ಬಿತ್ತು. ನಿನ್ನಮ್ಮ ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು.

ನೀನು ಕೇಳಿದ್ದು ಒಂದೇ ಪ್ರಶ್ನೆ. ನಿಮ್ಮೋರು ಕೆಲಸ ಮಾಡುವ ಕಟ್ಟುಹಲ್ಲಿನ ಲ್ಯಾಬು ಈ ಕಡೆಗೇ ಬರುತ್ತಿದೆ, ಜೂನ್ ಒಂದಕ್ಕೆ ಮೂವರೂ ಬಂದು ಮಹಡಿ ಮೇಲೆ ಇರುತ್ತೀರಿ. ಸರಿ. "ಆದ್ರೆ ಆ ನಾಯಿ? ಮಗುಗೆ ಇನ್ನೂ ಎರಡು ವರ್ಷ. ನೀವು ಗ್ಯಾರಂಟಿ ಅಂದ್ರೆ ಬರ್ತೀವಿ, ಇಲ್ಲಾಂದ್ರೆ ಬೇರೆ ಮನೆ ನೋಡ್ಕೋತೀವಿ" ಅಂದೆ. ಮೂರು ವರ್ಷ ಆಯಿತು ನೀನು ಈ ಹೊಸಿಲು ತುಳಿದು. ಒಂದು ನಾಯಿಯ ದೆಸೆಯಿಂದ ಅದು ತಪ್ಪಿಹೋಗುವುದು ನನಗೆ ಬೇಡ. ಆದ್ದರಿಂದ ಈ ಎರಡು ತಿಂಗಳು ನನ್ನ ಕೆಲಸ ಒಂದೇ: ದೊರೆಯನ್ನು ಮನುಷ್ಯರ ಜೊತೆ ಬಾಳುವ ಹಾಗೆ ಮಾಡುವುದು.

ದೊರೆ ಯಾರು, ಎಲ್ಲಿಯವನು ಎಂದು ನಿನಗೆ ಸರಿಯಾಗಿ ಹೇಳಿಲ್ಲ. ನಾನು ಲಿಫ್ಟ್ ನೋಡಿಕೊಳ್ಳುವ ಒಂದು ಕಟ್ಟಡದಲ್ಲಿ ಆರನೇ ಮಹಡಿಯವರು ಮನೆ ಖಾಲಿ ಮಾಡಿದರು. ಸೋಫಾ ತೆಗೆದುಕೊಂಡು ಹೋದರು, ನಾಯಿಯನ್ನು ಮೆಟ್ಟಿಲ ಕೆಳಗೆ ಕಟ್ಟಿ ಹೋದರು. ಮೂರನೇ ದಿನ ನಾನೇ ಬಿಚ್ಚಿ ಕರೆದುಕೊಂಡು ಬಂದೆ. ಕಪ್ಪು ಬಣ್ಣ, ನಾಲ್ಕು ವರ್ಷ, ನಿಂತರೆ ನನ್ನ ಸೊಂಟದ ಹತ್ತಿರ ಬರುತ್ತಾನೆ. ಬೀದಿಯೆಲ್ಲ ತನ್ನ ಹೆಸರಿಗೆ ಬರೆಸಿಕೊಂಡವನ ಹಾಗೆ ನಡೆಯುತ್ತಾನೆ, ಅದಕ್ಕೇ ಆ ಹೆಸರು. ಆದರೆ ಸೈಕಲ್ಲು, ಛತ್ರಿ, ಹೆಲ್ಮೆಟ್ಟು ಯಾವುದೂ ಆಗದು. ಕಂಡಕಂಡವರ ಮೇಲೆ ಹಾರಿ ಬೊಗಳುವುದು.

ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. "ಇವ್ನಿಗೆ ಜನರ ಅಭ್ಯಾಸ ಇಲ್ಲ. ದಿನಾ ಎರಡು ಹೊತ್ತು ವಾಕಿಂಗ್ ಮಾಡ್ಸಿ. ಜನ ಅಂದ್ರೆ ಕರೆಂಟ್ ಕಂಬ ಇದ್ದ ಹಾಗೆ, ಅವ್ರ ಪಾಡಿಗೆ ಅವ್ರು ಇರ್ತಾರೆ ಅಂತ ಅನ್ನಿಸ್ಬೇಕು ಇವ್ನಿಗೆ. ನೀವೂ ಸುಮ್ನೆ ದಾಟ್ಕೊಂಡು ಹೋಗ್ತಾ ಇರಿ" ಎಂದರು. ನೀನೇ ಹೇಳು, ನಿನ್ನ ಅಪ್ಪ ಮನುಷ್ಯರನ್ನು ಕಂಬದ ಹಾಗೆ ಸುಮ್ಮನೆ ದಾಟುವ ಪೈಕಿಯಾ? ಕಂಬ ಸಿಕ್ಕರೂ ಎರಡು ಮಾತಾಡಿ ಬರುವವನು.

ಅದಕ್ಕೆ ನನ್ನದೇ ಒಂದು ದಾರಿ ಹುಡುಕಿಕೊಂಡೆ. ಇದನ್ನು ನಿಮ್ಮೋರಿಗೂ ಓದಿ ಹೇಳು, ಬಂದಾಗ ಬೇಕಾಗುತ್ತದೆ. ಎದುರಿಗೆ ಯಾರಾದರೂ ಬಂದರೆ ನಾನು ನಿಲ್ಲುತ್ತೇನೆ. ಅವರು ಬಲಗೈಯನ್ನು ಕೆಳಗೆ ಇಳಿಬಿಟ್ಟು, ಬೆರಳು ಮಡಿಸಿ, ಅಲ್ಲಾಡದೆ ನಿಲ್ಲಬೇಕು. ದೊರೆ ಮೊದಲು ಅವರನ್ನು ನೋಡುತ್ತಾನೆ, ಆಮೇಲೆ ನನ್ನ ಮುಖ ನೋಡುತ್ತಾನೆ. ಆಗ ನಾನು ಅವನ ಕತ್ತಿನ ಮೇಲೆ ಕೈಯಿಟ್ಟು "ನಮ್ಮೋರು" ಎನ್ನುತ್ತೇನೆ. ಒಂದು ಬಿಸ್ಕತ್ತು. ಅಷ್ಟೇ. ಆ ಮಾತು ಬಿದ್ದರೆ ಸಾಕು, ಬಾಲ ಅಲ್ಲಾಡುತ್ತದೆ, ಕೈ ಮೂಸುತ್ತಾನೆ, ಮುಂದಕ್ಕೆ ಹೊರಡುತ್ತಾನೆ.

ಮೊದಲನೆಯವಳು ಇಸ್ತ್ರಿ ಅಕ್ಕ. ಕೈ ಇಳಿಬಿಟ್ಟು ನಿಂತವಳು, "ಏನಣ್ಣ, ನಾನು ನಿಮ್ಮೋಳು ಅಂತ ಗೊತ್ತಾಗೋಕೆ ಹತ್ತು ವರ್ಷ ಬೇಕಾಯ್ತಾ? ಇನ್ಮೇಲೆ ಅಂಗಿ ಸುಟ್ರೂ ಬೈಯೋ ಹಾಗಿಲ್ಲ, ನಾಯಿ ಸಾಕ್ಷಿ!" ಎಂದಳು. ನಾಲ್ಕು ಜನ ನಕ್ಕರು. ದೊರೆ ಅವಳ ಕೈ ನೆಕ್ಕಿದ. ಎಷ್ಟು ದಿನಕ್ಕೆ ಮನಸ್ಸು ಹಗುರವಾಯಿತು ಗೊತ್ತಾ?

ನೀನು ಗಂಟು ಮೂಟೆ ಕಟ್ಟಲು ಶುರು ಮಾಡು. ಮಗುವಿನ ಎರಡು ಕೆನ್ನೆಗೂ ನನ್ನ ಮುತ್ತು.

ನಿನ್ನ ಅಪ್ಪ

*

ಏಪ್ರಿಲ್ 27

ಪುಟ್ಟೀ,

ಎರಡು ಕಟ್ಟಡದ ಲಿಫ್ಟು ಒಂದೇ ವಾರ ಕೈಕೊಟ್ಟವು, ಅದಕ್ಕೆ ಕಾಗದ ಹಿಂದೆ ಬಿತ್ತು. ಫೋನಿನಲ್ಲಿ ನೀನು ನಕ್ಕದ್ದು ಇನ್ನೂ ಕಿವಿಯಲ್ಲಿದೆ. "ಅಯ್ಯೋ ಅಪ್ಪಾ, ನಾಯಿಗೆ ಹೇಳ್ಕೊಡೋಕೆ ಬೇರೆ ಮಾತು ಸಿಗ್ಲಿಲ್ವಾ? 'ನಮ್ಮೋರು' ಅನ್ನೋದು ನಾನು ಇವ್ರಿಗೆ ಅನ್ನೋದು!" ನಾನೂ ನಕ್ಕೆ. ಹೌದಲ್ಲ, ಎಲ್ಲ ಹೆಂಗಸರೂ ಗಂಡನನ್ನು ಹಾಗೇ ಅನ್ನುವುದು. ನೀನು ನಮ್ಮೋರು ಅನ್ನುತ್ತೀಯ, ನಾನು ನಿಮ್ಮೋರು ಅನ್ನುತ್ತೇನೆ, ಒಬ್ಬರೇ ಮನುಷ್ಯ.

ಸುದ್ದಿ ಏನೆಂದರೆ ದೊರೆ ಈಗ ಬೊಗಳುವುದೇ ಇಲ್ಲ. ನಲವತ್ತು ಜನರಾದರೂ ಅವನ ಪಟ್ಟಿಗೆ ಸೇರಿದ್ದಾರೆ. ಡಾಕ್ಟರಮ್ಮನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಅವರು ಖುಷಿ ಪಡಲಿಲ್ಲ. "ಬೊಗಳೋದು ನಿಲ್ಸಿದ್ರೆ ಸರಿ. ಆದ್ರೆ ಬೊಗಳೋ ಬದ್ಲು ಏನ್ ಮಾಡ್ತಾನೆ?" ಎಂದರು. ಸುಮ್ಮನೆ ನಿಂತು ನನ್ನ ಮುಖ ನೋಡುತ್ತಾನೆ ಎಂದೆ. "ಎಷ್ಟು ಹೊತ್ತು?" ಎಂದರು. ಇದೆಂಥ ಪ್ರಶ್ನೆ! ನಾನು ಹೇಳುವವರೆಗೂ, ಎಂದೆ.

ಬೀದಿಯಲ್ಲಿ ಮಾತ್ರ ಅವನದೇ ದರ್ಬಾರು. ನಾವು ಹೊರಟರೆ ಮೆಡಿಕಲ್ ಅಂಗಡಿಯವರು ಎದ್ದು ನಿಂತು "ದೊರೆಗಳ ಸವಾರಿ ಎಲ್ಲಿಗೆ?" ಎನ್ನುತ್ತಾರೆ. ಮೊನ್ನೆ ಎದುರು ಮನೆ ಟೀಚರಮ್ಮ ಕರೆದರು. ರಿಟೈರ್ ಆದ ಹೆಡ್ ಮಿಸ್ಟ್ರೆಸ್, ನಿನಗೆ ಗೊತ್ತಲ್ಲ, ಈಗಲೂ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸುವಂತೆ ಮಾತಾಡುವವರು. "ನೋಡಿ, ಮನೆ ಕೆಲ್ಸಕ್ಕೆ ಹೊಸಬಳು ಬಂದಿದ್ದಾಳೆ. ಒಂದು ಸಲ ದೊರೆಗೆ ತೋರ್ಸಿಬಿಡಿ" ಎಂದರು. ನಾನು ತಮಾಷೆ ಎಂದುಕೊಂಡೆ. ಆ ಹೆಂಗಸು ಗೇಟಿನ ಹತ್ತಿರ ಕೈ ಇಳಿಬಿಟ್ಟು, ಬೆರಳು ಮಡಿಸಿ ನಿಂತೇಬಿಟ್ಟಳು. ಯಾರೋ ಹೇಳಿಕೊಟ್ಟಿದ್ದಾರೆ. ಕಣ್ಣು ಮಾತ್ರ ನಾಯಿಯ ಬಾಯಿಯ ಮೇಲೇ ಇತ್ತು. ನಾನು ಬೇಗ ಬೇಗ "ನಮ್ಮೋರು" ಅಂದುಬಿಟ್ಟೆ. ಟೀಚರಮ್ಮ "ಪಾಸು!" ಎಂದರು.

ಅದಾದ ಮೇಲೆ ಗ್ಯಾಸ್ ಸಿಲಿಂಡರ್ ತರುವವರು, ನೀರಿನ ಮೀಟರ್ ಓದುವವರು, ಎಲ್ಲರಿಗೂ ಇದೇ ಪರೀಕ್ಷೆ. ಮೆಡಿಕಲ್‌ನವರು ಅಂತೂ, "ಕ್ಯಾಮೆರಾ ಮೋಸ ಹೋಗ್ಬಹುದು ಸಾರ್, ದೊರೆ ಹೋಗಲ್ಲ" ಎಂದು ಬಂದವರ ಹತ್ತಿರ ಹೇಳುತ್ತಾರೆ. ಮಕ್ಕಳು ಸಂಜೆ ಆಟ ಕಟ್ಟಿಕೊಂಡಿದ್ದಾರೆ. ಒಬ್ಬ ನಾಯಿ, ಒಬ್ಬ ನಾನು, ಮಿಕ್ಕವರು ಕೈ ಇಳಿಬಿಟ್ಟು ಸಾಲಾಗಿ ನಿಲ್ಲುವುದು. ನನ್ನ ಪಾತ್ರದವನು "ಇವ್ನು ನಮ್ಮೋನಲ್ಲ" ಅಂದರೆ ಎಲ್ಲ ಸೇರಿ ಅವನನ್ನು ಅಟ್ಟಿಸಿಕೊಂಡು ಹೋಗುವುದು. ನಾನು ಹಾಗೆ ಯಾರಿಗೂ, ಯಾವತ್ತೂ ಅಂದಿಲ್ಲ ಕಣಮ್ಮ. ಅದನ್ನು ಅವರೇ ಸೇರಿಸಿಕೊಂಡಿದ್ದಾರೆ.

ಒಂದೇ ಒಂದು ತೊಡಕು. ಮೂಲೆ ಮನೆಯ ಹಿಂಭಾಗದ ರೂಮಿಗೆ ಹೊಸ ಬಾಡಿಗೆಯವರೊಬ್ಬರು ಬಂದಿದ್ದಾರೆ. ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸವಂತೆ. ಈ ಸೆಕೆಯಲ್ಲೂ ದಪ್ಪ ಜಾಕೆಟ್ಟು ಕೈಮೇಲೆ ಹಾಕಿಕೊಂಡು ಬರುತ್ತಾರೆ. ನಾನು ನಾಲ್ಕು ಮಾತಾಡಿದರೆ ಅವರದು ಒಂದು "ಹೂಂ". ಅವರನ್ನು ಕಂಡರೆ ದೊರೆಯ ಗಂಟಲಿನಿಂದ ಒಂದು ಸದ್ದು ಬರುತ್ತದೆ. ಬೊಗಳುವುದಲ್ಲ, ಕೆಳಗೆಲ್ಲೋ ಮೋಟಾರು ಶುರುವಾದ ಹಾಗೆ. ಮೂರು ಸಲ ಆಯಿತು. ಮೂರು ಸಲವೂ ಬೀದಿ ನೋಡಿತು.

ನೀನು ತಲೆ ಕೆಡಿಸಿಕೊಳ್ಳಬೇಡ, ಮಗುವಿನ ವಿಷಯಕ್ಕೆ ಏನೂ ಭಯವಿಲ್ಲ. ಟೀಚರಮ್ಮನ ಮೊಮ್ಮಗ ಅವನ ಕಿವಿ ಎಳೆದರೂ ಸುಮ್ಮನಿರುತ್ತಾನೆ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ

*

ಮೇ 11

ಪುಟ್ಟೀ,

ಈ ಸಲ ತಡ ಮಾಡಿದ್ದು ಬೇಕೆಂದೇ. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಮೂಲೆ ಮನೆಯ ಬಾಡಿಗೆಯವರು ರೂಮು ಬಿಟ್ಟು ಹೋದರು. ಯಾರೂ ಅವರಿಗೆ ಹೋಗಿ ಅನ್ನಲಿಲ್ಲ. ಮೆಡಿಕಲ್‌ನಲ್ಲಿ ತಲೆನೋವಿನ ಮಾತ್ರೆ ಕೇಳಿದರೆ ಸ್ಟಾಕಿಲ್ಲ. ಇಸ್ತ್ರಿ ಅಕ್ಕನಿಗೆ ಅವರ ಬಟ್ಟೆ ಹಿಡಿಯಲು ಪುರುಸೊತ್ತಿಲ್ಲ. ಟೀಚರಮ್ಮ ಅವರ ಮನೆ ಮಾಲೀಕರಿಗೆ, "ನಾನೇನೂ ಹೇಳಲ್ಲಪ್ಪ. ಮೂಕಪ್ರಾಣಿಗೆ ಗೊತ್ತಾಗೋದು ನಮಗೆ ಗೊತ್ತಾಗಲ್ಲ" ಎಂದರಂತೆ. ಅಷ್ಟೇ ಸಾಕಾಯಿತು.

ಹೋಗುವ ಹಿಂದಿನ ದಿನ ಅವರು ನನ್ನ ಗೇಟಿಗೆ ಬಂದರು. ದೂರದಲ್ಲೇ ನಿಂತು, "ಸರ್, ನಿಮ್ಮ ನಾಯಿಗೆ ನಾನೇನು ಮಾಡ್ದೆ?" ಎಂದರು. ಅಷ್ಟು ಉದ್ದದ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಾನು ಶುರು ಮಾಡಿದೆ. ನಾಯಿಯ ಮೂಗಿನ ಶಕ್ತಿ, ಜಾಕೆಟ್ಟಿಗೆ ಹಿಡಿದ ಕೋಲ್ಡ್ ಸ್ಟೋರೇಜಿನ ಗ್ಯಾಸಿನ ವಾಸನೆ, ಆರನೇ ಮಹಡಿಯವರು, ಸೋಫಾ, ಮೆಟ್ಟಿಲು. ಅರ್ಧ ಗಂಟೆ. ಅವರು ಪೂರ್ತಿ ಕೇಳಿಸಿಕೊಂಡು, "ಒಂದು ಸಲ 'ನಮ್ಮೋರು' ಅಂದಿದ್ರೆ ಆಗ್ತಿತ್ತಲ್ವಾ ಸರ್?" ಎಂದು ಹೊರಟುಹೋದರು.

ಮಾರನೆಯ ದಿನ ಮಷೀನ್ ರೂಮಿನಲ್ಲಿ ಕೂತು ಹಳೆಯ ರೆಕಾರ್ಡಿಂಗುಗಳನ್ನು ಹಾಕಿಕೊಂಡೆ. ಅವರು ಎದುರಾದ ಮೂರು ಸಲದ ಪೈಕಿ ಎರಡು ಸಲ ನಾನು ನಿನಗಾಗಿ ಫೋನಿಗೆ ಮಾತಾಡುತ್ತಾ ನಡೆಯುತ್ತಿದ್ದೆ. ನನ್ನ ನೆನಪಿನಲ್ಲಿ ಇದ್ದದ್ದು ಹೀಗೆ: ನಾಯಿ ಗುರ್ ಎಂದಿತು, ಅದಕ್ಕೆ ನಾನು ಮಾತು ನಿಲ್ಲಿಸಿದೆ. ಫೋನಿನಲ್ಲಿ ಇರುವುದು ಹಾಗಲ್ಲ. ನನ್ನ ಮಾತು ಹರಿಯುತ್ತಾ ಇದೆ, ಬೆಲ್ಟಿನ ಕೊಂಡಿ ಕಿಣಿಕಿಣಿ ಎನ್ನುತ್ತಾ ಇದೆ. ಇದ್ದಕ್ಕಿದ್ದಂತೆ ನನ್ನ ಮಾತು ನಿಲ್ಲುತ್ತದೆ. ಕೊಂಡಿಯ ಸದ್ದೂ ನಿಲ್ಲುತ್ತದೆ, ಅಂದರೆ ಬೆಲ್ಟು ಬಿಗಿಯಾಗಿದೆ. ಒಂದು, ಎರಡು, ಮೂರು. ಆಮೇಲೆ ಬರುತ್ತದೆ ಗುರ್. ಎರಡನೆಯದರಲ್ಲೂ ಹಾಗೇ.

ದೊರೆಗೆ ಆ ಮನುಷ್ಯ ಯಾರೋ ಏನೋ. ದಿನವಿಡೀ ವಟಗುಟ್ಟುವ ಯಜಮಾನ ಸುಮ್ಮನಾದನಲ್ಲ, ಅವನಿಗೆ ಗೊತ್ತಾದದ್ದು ಅದು. ಒಂದು ಮಾತು ಹೇಳಿಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಎರಡು ಹೇಳಿಕೊಟ್ಟಿದ್ದೇನೆ.

ಮತ್ತೆ ಯಾಕೆ ಸುಮ್ಮನಾದೆ ಅಂತೀಯ. ಅವರು ನನಗೆ ಹಿಡಿಸಲಿಲ್ಲ, ಅಷ್ಟೇ. ಉತ್ತರ ಕೊಡದವರು ಒಳಗೊಳಗೇ ನನ್ನನ್ನು ಅಳೆಯುತ್ತಿದ್ದಾರೆ ಅನ್ನಿಸುತ್ತದೆ. ನಿಮ್ಮೋರನ್ನು ನೀನು ಮೊದಲ ಸಲ ಮನೆಗೆ ಕರೆತಂದದ್ದು ನೆನಪಿದೆಯಾ? ಎರಡು ಗಂಟೆ ಹೊತ್ತು ನಾನು ಲಿಫ್ಟಿನ ಬ್ರೇಕಿನ ಬಗ್ಗೆ ಮಾತಾಡಿದೆ. ನೀನು ಅಡುಗೆ ಮನೆ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದೆ. ಅವರು ಏನು ಕೇಳಲು ಬಂದಿದ್ದಾರೆಂದು ನನಗೆ ಗೊತ್ತಿತ್ತು. ಅವರಿಗೆ ಕೇಳಲು ಸಂದು ಸಿಗಬಾರದೆಂದು ಮಾತಾಡಿದೆ. ಹದಿನೈದು ದಿನಕ್ಕೆ ರಿಜಿಸ್ಟ್ರಾರ್ ಆಫೀಸಿನಿಂದ ನಿನ್ನ ಫೋನು ಬಂತು.

ಹೋಗಲಿ ಬಿಡು. ಕಾಯಿಲೆ ಗೊತ್ತಾಯಿತಲ್ಲ, ಔಷಧಿ ಸುಲಭ. ಇನ್ನು ಮೇಲೆ ಯಾರೇ ಎದುರಾದರೂ ಮಾತು ನಿಲ್ಲಿಸುವುದಿಲ್ಲ. ನಿನ್ನ ಅಪ್ಪನಿಗೆ ಅದೇನು ಕಷ್ಟವಾ? ಮುಂದಿನ ವಾರ ನಿಮ್ಮೋರು ಮಗುವಿಗಾಗಿ ಬಾಲ್ಕನಿಗೆ ನೆಟ್ ಹಾಕಲು ಬರುತ್ತಾರೆ ಅಂದೆಯಲ್ಲ, ಬರಲಿ. ನನ್ನ ಮೊದಲನೇ ಕಾಗದವನ್ನು ಇನ್ನೊಂದು ಸಲ ಅವರಿಗೆ ಓದಿ ಹೇಳು.

ನಿನ್ನ ಅಪ್ಪ

*

ಮೇ 27

ಪುಟ್ಟೀ,

ಎರಡು ವಾರ ಆಯಿತು. ನೀನು ಆರು ಸಲ ಫೋನ್ ಮಾಡಿದೆ, ನಾನು ಒಂದು ಸಲ ತೆಗೆದೆ. ಅದೂ ನಾಲ್ಕು ಮಾತಾಡಿ ಇಟ್ಟುಬಿಟ್ಟೆ. "ಅಪ್ಪಾ, ನೀವಾ ಇದು? ಮೈ ಹುಷಾರಿಲ್ವಾ?" ಅಂದೆ. ಮೈ ಹುಷಾರಾಗಿದೆ. ಕ್ಷಮಿಸು.

ನಿಮ್ಮೋರ ಕೈ ಈಗ ಹೇಗಿದೆ? ಹೆಬ್ಬೆರಳ ಬುಡಕ್ಕೆ ಏಳು ಹೊಲಿಗೆ ಅಂದೆ. ಎರಡು ತಿಂಗಳು ಬೆರಳು ಮಡಿಸುವ ಹಾಗಿಲ್ಲ, ಆಮೇಲೂ ಮೊದಲಿನ ಹಾಗೆ ಮಡಿಸಲು ಬರುತ್ತದೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ ಅಂದೆ. ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವ ಕೈ ಅದು. "ಪಾಲಿಶ್ ಚಕ್ರಕ್ಕೆ ಸಿಕ್ತಂತೆ ಅಪ್ಪಾ, ಅವತ್ತು ನಿಮ್ಮಲ್ಲಿಗೆ ಹೊರಟಿದ್ರು, ಲ್ಯಾಬಿಗೆ ಹೋಗಿ ಹೋಗೋಣ ಅಂದ್ಕೊಂಡಿದ್ದೇ ತಪ್ಪಾಯ್ತು" ಎಂದು ನೀನು ಅಳುತ್ತಿದ್ದರೆ, ನಾನು ಈ ಕಡೆ ಗೋಡೆ ನೋಡುತ್ತಾ ಕೂತಿದ್ದೆ.

ಮಹಡಿ ಮನೆಗೆ ಬಣ್ಣ ಬಳಿಸಿದ್ದಾಗಿದೆ. ಮಗುವಿನ ಕೋಣೆಗೆ ತಿಳಿ ಹಳದಿ. ನಲ್ಲಿ ಎರಡೂ ಬದಲಾಯಿಸಿದೆ. ಬಾಗಿಲಿನ ಮೇಲಿನ ಚಿಲಕ ಮಗುವಿಗೆ ಎಟುಕದು, ಕೆಳಗಿನದನ್ನು ತೆಗೆಸಿಬಿಟ್ಟೆ. ಬೀದಿ ಹಾಗೇ ಇದೆ. ಎಲ್ಲರೂ ನಿಮ್ಮ ದಾರಿ ಕಾಯುತ್ತಿದ್ದಾರೆ. ದೊರೆ ತಾರಸಿಯಲ್ಲಿದ್ದಾನೆ, ಈಗ ವಾಕಿಂಗ್ ಇಲ್ಲ. ನಾನು ಒಬ್ಬನೇ ಹೋದರೆ ಜನ "ಎಲ್ಲಿ ದೊರೆ?" ಎಂದು ಕೇಳುತ್ತಾರೆ, ಅದಕ್ಕೆ ನಾನೂ ಹೋಗುವುದು ಬಿಟ್ಟಿದ್ದೇನೆ.

ಒಂದನೇ ತಾರೀಖಿಗೆ ಬರಬೇಕೋ ಬೇಡವೋ ನೀನೇ ತೀರ್ಮಾನ ಮಾಡು. ಏನು ಮಾಡಿದರೂ ಅದು ಸರಿಯೇ. ನಿನ್ನ ಮಗು ನಿನ್ನ ಹಾಗೆ ಧೈರ್ಯವಂತೆ ಆಗಲಿ, ಅವಳಪ್ಪನ ಹಾಗೆ ತಾಳ್ಮೆ ಬರಲಿ. ನಿಮ್ಮ ಮನೆಯಲ್ಲಿ ಯಾರ ಕಣ್ಣಲ್ಲೂ ನೀರು ಬಾರದಿರಲಿ.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ನಿಮ್ಮೋರ ಕೈ ಯಾವ ಚಕ್ರಕ್ಕೂ ಸಿಕ್ಕಿಲ್ಲ. ಅವರು ಅವತ್ತು ಇಲ್ಲಿಗೆ ಬಂದಿದ್ದರು. ಮೇ ಹದಿನೆಂಟು, ಸಂಜೆ ನಾಲ್ಕು ಗಂಟೆ. ನಾನು ದೊರೆಯ ಜೊತೆ ವಾಪಸ್ ಬರುತ್ತಾ, ಹಳದಿ ಬಣ್ಣದ ಬಗ್ಗೆ ನಿನಗೆ ಹೇಳಲು ಫೋನಿಗೆ ಮಾತಾಡುತ್ತಿದ್ದೆ. ಅವರು ನೆಟ್ಟಿನ ಸುರುಳಿ ಕಂಕುಳಲ್ಲಿಟ್ಟುಕೊಂಡು ಗೇಟಿನ ಮುಂದೆ ನಿಂತಿದ್ದರು. ನಮ್ಮನ್ನು ಕಂಡು ಸುರುಳಿಯನ್ನು ಕೆಳಗಿಟ್ಟರು. ಬಲಗೈ ಇಳಿಬಿಟ್ಟರು. ಬೆರಳು ಮಡಿಸಿದರು. ಅಲ್ಲಾಡದೆ ನಿಂತರು. ನಾನು ಬರೆದದ್ದನ್ನು ಒಂದಕ್ಷರ ಬಿಡದೆ ಮಾಡಿದರು. "ಮಾವ, ನಾನು ರೆಡಿ" ಎಂದರು.

ದೊರೆ ಅವರನ್ನು ನೋಡಿದ, ಆಮೇಲೆ ನನ್ನ ಮುಖ ನೋಡಿದ. ಅವರೂ ನನ್ನ ಮುಖ ನೋಡುತ್ತಿದ್ದರು. ಇಬ್ಬರೂ ಕಾಯುತ್ತಿದ್ದದ್ದು ಒಂದೇ ಮಾತಿಗೆ. ನಾನು ಸುಮ್ಮನಾದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು, ಪುಟ್ಟೀ. ಒಂದು ವಾರದ ಹಿಂದೆ ನನ್ನ ಕೈಯಾರೆ ನಿನಗೆ ಬರೆದಿದ್ದೆ. ಮಾತು ನಾಲಿಗೆಯ ಮೇಲೇ ಇತ್ತು. ಬರಲಿಲ್ಲವೋ, ನಾನೇ ಬಿಡಲಿಲ್ಲವೋ, ಇವತ್ತಿಗೂ ಹೇಳಲಾರೆ. ಗುರ್ ಶುರುವಾದ ಮೇಲೂ ಅವರು ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಇನ್ನೂ ನಾನು ಹೇಳುತ್ತೇನೆ ಎಂದುಕೊಂಡಿದ್ದರು.

ಮೆಡಿಕಲ್‌ನವರು ಹತ್ತಿ ಹಿಡಿದು ಓಡಿ ಬಂದರು. "ದೊರೆ ಸುಮ್ಸುಮ್ನೆ ಬಾಯಿ ಹಾಕಲ್ಲ. ಯಾರ್ರೀ ಇವ್ರು?" ಎಂದರು. ಬೀದಿಯೆಲ್ಲ ಗೇಟಿಗೆ ಬಂದಿತ್ತು. ನಾನು, "ನೆಟ್ ಹಾಕೋಕೆ ಬಂದೋರು" ಎಂದೆ.

ಅವರಿಗೆ ಅದು ಕೇಳಿಸಿತು. ಆಟೋ ಹತ್ತಿಸುವಾಗ ಅವರೇ ನನಗೆ ಸಮಾಧಾನ ಹೇಳಿದರು. "ಅವಳಿಗೆ ಮಷೀನ್ ಅಂತ ಹೇಳ್ತೀನಿ ಮಾವ. ಈ ಮನೆಗೆ ಬರ್ತೀನಿ ಅಂತ ದಿನ ಎಣಿಸ್ತಾ ಇದಾಳೆ. ನೀವು ಸುಮ್ನಿದ್ಬಿಡಿ, ಸಾಕು" ಎಂದರು. ಸುಮ್ಮನಿದ್ದೆ, ಒಂಬತ್ತು ದಿನ.

ಡಾಕ್ಟರಮ್ಮ ದಿನಾ ಬಂದು, ಹುಚ್ಚಿನ ಲಕ್ಷಣ ಇದೆಯಾ ಎಂದು ದೊರೆಯನ್ನು ನೋಡಿ ಹೋಗುತ್ತಾರೆ. "ನಾಯಿಗೆ ಏನೂ ಆಗಿಲ್ಲ. ನೀವು ಕಲ್ಸಿದ್ದನ್ನ ಸರಿಯಾಗಿ ಕಲ್ತಿದೆ" ಎಂದರು.

ಅವತ್ತಿನ ರೆಕಾರ್ಡಿಂಗ್ ಫೋನಿನಲ್ಲೇ ಉಳಿದಿದೆ. ಅದನ್ನು ಕಾಗದಕ್ಕೆ ಇಳಿಸಲು ನನ್ನಿಂದ ಆಗಲಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಮಗು ಮಲಗಿದ ಮೇಲೆ ಒಬ್ಬಳೇ ಕೂತು ಕೇಳು. ಮೊದಲು ಬಣ್ಣದ ಬಗ್ಗೆ ನನ್ನ ಮಾತಿದೆ. ಆಮೇಲೆ ಅವರು "ಮಾವ" ಅಂದದ್ದಿದೆ. ಅದಾದ ಮೇಲೆ ಹನ್ನೊಂದು ಸೆಕೆಂಡು ಏನೂ ಕೇಳಿಸುವುದಿಲ್ಲ. ಫೋನ್ ಕೆಟ್ಟಿದೆ ಎಂದು ನಿಲ್ಲಿಸಿಬಿಡಬೇಡ. ಅಲ್ಲಿರುವುದು ನಾನೇ.